ಕಾಲುವೆಗೆ ಸಂಘವಿದೆ, ಕೆರೆಗೆ ಪ್ರಾಧಿಕಾರವಿದೆ, ಹಳ್ಳಕ್ಕೆ ಯಾರಿದ್ದಾರೆ?

ಸಂಪಾದಕರಿಗೆ,

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆ ಬಂದ್ ಆಗಿ ಗದ್ದೆಗಳು ಖಾಲಿ ಬೀಳುವ ಬೇಸಿಗೆಯ ದಿನಗಳಲ್ಲಿ, ನದಿ ಮತ್ತು ಹಳ್ಳಗಳ ಹೂಳೆತ್ತುವ, ಜಾಲಿ ಕಡಿಯುವ, ಕಸ ತೆಗೆಯುವ ಕೆಲಸವನ್ನು ಜನರೇ ಮುಂದೆ ನಿಂತು ಮಾಡುವುದು ಈಚಿನ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ಹೆಚ್ಚಾಗಿದೆ. ಮಠಗಳು, ಯುವಕ ಸಂಘಗಳು, ಶಾಲೆಯ ಶಿಕ್ಷಕರು, ಟ್ರ್ಯಾಕ್ಟರ್ ಇರುವ ರೈತರು, ಏನೂ ಇಲ್ಲದ ಕೂಲಿಕಾರರು ಒಂದೇ ದಂಡೆಯ ಮೇಲೆ ಸೇರುವುದನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ. ಅಂಥ ಒಂದು ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ನಮ್ಮೂರಿನವರು ಅದರಲ್ಲಿ ಒಮ್ಮೆ ಸೋತು, ತಪ್ಪು ಎಲ್ಲಿ ಆಯಿತೆಂದು ತಿಳಿದುಕೊಂಡು, ಮತ್ತೆ ಶುರು ಮಾಡಿದ್ದೇವೆ. ಆ ಅನುಭವದಿಂದ ಹೇಳಬೇಕಾದ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಮುಂದೆಯೂ ನನ್ನಂಥ ರೈತರ ಮುಂದೆಯೂ ಇಡಲು ಬಯಸುತ್ತೇನೆ.

ನನ್ನದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಊರ ಪಕ್ಕದಲ್ಲೇ ಹಳ್ಳ. ನಮ್ಮ ಅಜ್ಜಿಯ ಕಾಲಕ್ಕೆ ಹಳ್ಳವೆಂದರೆ ಉಸುಕು. ಮಳೆಗಾಲದಲ್ಲಿ ನಾಲ್ಕಾರು ಸಲ ಕೆಂಪು ನೀರು ಉಕ್ಕಿ ಹರಿದು ಇಳಿದುಹೋದ ಮೇಲೆ ಉಳಿದ ದಿನಗಳಲ್ಲಿ ಅಲ್ಲಿ ಕಾಣುತ್ತಿದ್ದುದು ಬರೀ ಉಸುಕು ಮತ್ತು ಅದರಲ್ಲಿ ಮೊಣಕಾಲುದ್ದ ತೋಡಿದ ವರತೆಗಳು. ಬೆಳಗಿನ ಜಾವ ತಾಮ್ರದ ಕೊಡ ತೆಗೆದುಕೊಂಡು ಹೋದ ಹೆಂಗಸರು ವರತೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಮೊದಲ ಕೆಸರು ನೀರನ್ನು ಮೊಗೆದು ಹೊರಗೆ ಚೆಲ್ಲಿ, ತಳದಲ್ಲಿ ತಿಳಿ ನೀರು ಜಿನುಗುವವರೆಗೆ ಕಾದು, ಚರಿಗೆಯಿಂದ ಕೊಡ ತುಂಬುತ್ತಿದ್ದರಂತೆ. ಊರಿಗೆಲ್ಲ ಅದೇ ಕುಡಿಯುವ ನೀರು. ಅಲ್ಲಿ ಕೂಡ ಒಂದು ಕಟ್ಟಳೆ ಇತ್ತು: ದನಕ್ಕೆ ಕೆಳಗಿನ ವರತೆ, ಬಟ್ಟೆ ಒಗೆಯಲು ಅದಕ್ಕೂ ಕೆಳಗಿನ ಮಡು, ಕುಡಿಯಲು ಎಲ್ಲಕ್ಕಿಂತ ಮೇಲಿನದು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿಯುತ್ತಲೂ ಇರಲಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿತು. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ 220 ಕಿ.ಮೀ.ಗೂ ಮಿಕ್ಕಿ ಸಾಗುವ ಎಡದಂಡೆ ಕಾಲುವೆ ಬರ ಬಿದ್ದ ನಮ್ಮ ನೆಲಕ್ಕೆ ಅನ್ನ ಕೊಟ್ಟಿತು. ಅದರ ಋಣವನ್ನು ನಾನು ಮರೆತಿಲ್ಲ, ನನ್ನ ಮಕ್ಕಳ ಓದು ಆ ನೀರಿನದೇ. ಆದರೆ ಈ ಕಾಲುವೆಯನ್ನು ಯೋಜಿಸಿದವರು ಅಚ್ಚುಕಟ್ಟಿನ ಬಹುಭಾಗದಲ್ಲಿ ಜೋಳ, ಹತ್ತಿ, ಕಡಲೆಯಂಥ ಮಿತ ನೀರಿನ ಬೆಳೆಗಳನ್ನು ನೆನೆದು ನೀರಿನ ಲೆಕ್ಕ ಹಾಕಿದ್ದರು. ನಾವು ಬೆಳೆದದ್ದು ಭತ್ತ, ಅದೂ ವರ್ಷಕ್ಕೆ ಎರಡು ಬೆಳೆ. ಮೇಲ್ಭಾಗದ ನಾವು ಮೊಣಕಾಲು ಮಟ್ಟದ ನೀರು ನಿಲ್ಲಿಸಿಕೊಂಡೆವು, ಕೊನೆ ಭಾಗದವರು ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳಲು ಕೂಡ ರಸ್ತೆ ತಡೆ ಮಾಡಬೇಕಾಯಿತು. ಈ ಅನ್ಯಾಯದ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಗದ್ದೆಯಿಂದ ಗದ್ದೆಗೆ ಹರಿದು ಹೆಚ್ಚಾದ ನೀರು, ಯೂರಿಯಾ, ಡಿಎಪಿ, ಕಳೆ ಮತ್ತು ಹುಳು ಕೊಲ್ಲುವ ಔಷಧಗಳನ್ನು ಹೊತ್ತುಕೊಂಡು ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳಲಿಲ್ಲ. ಅದು ಹಳ್ಳಕ್ಕೆ ಹೋಯಿತು, ಹಳ್ಳದಿಂದ ಹೊಳೆಗೆ ಹೋಯಿತು.

ವರ್ಷಕ್ಕೆ ನಾಲ್ಕಾರು ಸಲ ಹರಿಯುತ್ತಿದ್ದ ಹಳ್ಳ ವರ್ಷದ ಹತ್ತು ತಿಂಗಳು ಹರಿಯತೊಡಗಿದಾಗ ನಮ್ಮ ಹಿರಿಯರು ಸಂತೋಷಪಟ್ಟರು. ಉಸುಕನ್ನು ಮನೆ ಕಟ್ಟಲು, ಮಾರಲು ಎತ್ತಿಕೊಂಡು ಹೋದರು. ಉಸುಕು ಹೋದ ಜಾಗದಲ್ಲಿ ಗದ್ದೆಯ ಮಣ್ಣು ಬಂದು ಕೂತಿತು. ಗೊಬ್ಬರ ತಿಂದ ನೀರು, ನಿಧಾನದ ಹರಿವು, ಮೆತ್ತನೆಯ ಹೂಳು ಮೂರೂ ಸಿಕ್ಕ ಮೇಲೆ ಆಪು ಎಂಬ ಜೊಂಡುಹುಲ್ಲು ಬೆಳೆಯುವುದಕ್ಕೆ ಇನ್ನೇನು ಬೇಕು? ಆಳೆತ್ತರದ ಆಪು ಹಳ್ಳವನ್ನು ದಂಡೆಯಿಂದ ದಂಡೆಗೆ ಮುಚ್ಚಿತು, ದಂಡೆಯ ಮೇಲೆ ಬಳ್ಳಾರಿ ಜಾಲಿ ಹಬ್ಬಿತು. ಹಳ್ಳದ ತಳ ವರ್ಷ ವರ್ಷ ಮೇಲೇರಿತು. ತಳ ಮೇಲೇರಿದಂತೆ ಹೊಲಗಳ ಬಸಿಗಾಲುವೆಯ ನೀರು ಹಳ್ಳಕ್ಕೆ ಇಳಿಯದೆ ಹಿಂದಕ್ಕೆ ನಿಂತಿತು. ನೆಲದಡಿಯ ನೀರು ಬೇರಿನ ಮಟ್ಟಕ್ಕೆ ಬಂತು. ಬಿಸಿಲಿಗೆ ಆ ನೀರು ಆರಿದಾಗ ಉಪ್ಪು ಮೇಲೆ ಉಳಿಯಿತು. ಮಾರ್ಚ್ ತಿಂಗಳಲ್ಲಿ ಹಳ್ಳದ ಅಂಚಿನ ಹೊಲಗಳಿಗೆ ಬಂದು ನೋಡಿ, ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ, ಕಾಲಿಟ್ಟರೆ ಹಿಟ್ಟಿನಂತೆ ಕುಸಿಯುತ್ತದೆ. ಸವಳು ಎಂದು ನಾವು ಹಣೆ ಚಚ್ಚಿಕೊಳ್ಳುವ ಈ ರೋಗದ ಒಂದು ಬೇರು ಉಸಿರುಗಟ್ಟಿದ ಹಳ್ಳದಲ್ಲಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ನೆಲದ ಸುಧಾರಣೆಗಾಗಿ ದಶಕಗಳಿಂದ ದುಡಿಯುತ್ತಿದ್ದಾರೆ. ಹೊಲದಲ್ಲಿ ಕೊಳವೆ ಹೂತು ಉಪ್ಪುನೀರನ್ನು ಹೊರಹಾಕುವ ಭೂಗತ ಬಸಿಗಾಲುವೆಯ ವಿಧಾನವನ್ನು ಹಲವು ರೈತರು ಅಳವಡಿಸಿಕೊಂಡಿದ್ದಾರೆ. ಆದರೆ ಆ ಕೊಳವೆಯ ಬಾಯಿ ತೆರೆಯುವ ಹಳ್ಳವೇ ತುಂಬಿ ನಿಂತಿದ್ದರೆ ನೀರು ಹೋಗುವುದಾದರೂ ಎಲ್ಲಿಗೆ? ನದಿ ಉಳಿಸುವುದು ಪುಣ್ಯದ ಕೆಲಸ ಎಂದು ತಿಳಿದವರಿಗೆ ನಾನು ಹೇಳುವುದು ಇಷ್ಟೇ, ನಮ್ಮ ಅಚ್ಚುಕಟ್ಟಿನಲ್ಲಿ ಅದು ಒಕ್ಕಲುತನದ ಕೆಲಸ, ಹರಗುವುದು ಬಿತ್ತುವುದರಷ್ಟೇ ಅಗತ್ಯದ್ದು.

ಬರದ ಹೊಡೆತಕ್ಕೆ ಗದ್ದೆಗಳೆಲ್ಲ ಖಾಲಿ ಬಿದ್ದಿದ್ದ ಒಂದು ಬೇಸಿಗೆಯಲ್ಲಿ ನಮ್ಮೂರಿನವರು ಹಳ್ಳಕ್ಕೆ ಇಳಿದೆವು. ಮನೆಗೊಬ್ಬರಂತೆ ಆಳು ಬಂದರು, ಎಕರೆಗೆ ಇಷ್ಟು ಎಂದು ವಂತಿಗೆ ಎತ್ತಿ ಜೆಸಿಬಿ ತರಿಸಿದೆವು, ಹೆಣ್ಣುಮಕ್ಕಳು ಸರದಿಯ ಮೇಲೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದರು. ಹದಿನೈದು ದಿನದಲ್ಲಿ ಎರಡು ಕಿಲೋಮೀಟರ್ ಹಳ್ಳ ಬಯಲಾಯಿತು. ಎಷ್ಟೋ ವರ್ಷಗಳ ಮೇಲೆ ಈ ದಂಡೆಯಲ್ಲಿ ನಿಂತವನಿಗೆ ಆ ದಂಡೆಯವನ ಮುಖ ಕಂಡಿತು. ಕೊನೆಯ ದಿನ ಪೂಜೆ ಮಾಡಿ, ಸಿಹಿ ಹಂಚಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದೆವು. ಮುಂಗಾರು ಬಂತು, ಕಾಲುವೆಗೆ ನೀರು ಬಂತು, ನಾವೆಲ್ಲ ನಾಟಿಯಲ್ಲಿ ಮುಳುಗಿದೆವು. ದೀಪಾವಳಿಯ ಹೊತ್ತಿಗೆ ಹಳ್ಳದ ನಡುವೆ ಅಲ್ಲಲ್ಲಿ ಹಸಿರು ಮೊಳಕೆ ಕಂಡಿತ್ತು, ಎರಡನೆಯ ವರ್ಷಕ್ಕೆ ಆಪು ಮತ್ತೆ ಎದೆಮಟ್ಟ ನಿಂತಿತ್ತು. ಜೆಸಿಬಿ ಕೆರೆದುಹಾಕಿದ ದಂಡೆ ಒಂದೇ ದೊಡ್ಡ ಮಳೆಗೆ ಕುಸಿದು, ನಾವು ಎತ್ತಿ ರಾಶಿ ಹಾಕಿದ ಹೂಳೇ ತಿರುಗಿ ಹಳ್ಳಕ್ಕೆ ಬಿದ್ದಿತ್ತು.

ಆಗ ಊರಿನ ಹಿರಿಯ ಮೀನುಗಾರರೊಬ್ಬರು ಕೆಸರಿಗೆ ಕೈ ಹಾಕಿ ಒಂದು ಗಡ್ಡೆಯನ್ನು ಎಳೆದು ತೋರಿಸಿದರು. ಹೆಬ್ಬೆರಳು ದಪ್ಪದ, ಬೆಳ್ಳಗಿನ, ಗೆಣ್ಣು ಗೆಣ್ಣಿಗೂ ಮೊಳಕೆ ಇರುವ ಬೇರು. "ನೀವು ಕೊಯ್ದದ್ದು ಇದರ ಕೂದಲ, ಜೀವ ಇಲ್ಲೇ ಐತಿ ನೋಡ್ರಿ" ಎಂದರು. ಜೆಸಿಬಿ ಅದನ್ನು ಕಿತ್ತಿರಲಿಲ್ಲ, ತುಂಡು ತುಂಡು ಮಾಡಿ ಹಳ್ಳದ ಉದ್ದಕ್ಕೂ ಹಂಚಿತ್ತು. ಆ ದಿನ ನನಗೆ ಆದ ಸಂಕಟವನ್ನು ಹೇಳತೀರದು. ಆದರೆ ಅವರ ಮಾತಿನಿಂದಲೇ ದಾರಿಯೂ ಸಿಕ್ಕಿತು. ಮುಂದಿನ ಬೇಸಿಗೆಯಿಂದ ನಾವು ಹಳ್ಳವನ್ನು ತುಂಡುಗಳಾಗಿ ಹಂಚಿಕೊಂಡೆವು. ಪ್ರತಿ ತೂಬಿನ ರೈತರಿಗೆ ಅವರ ಬಸಿಗಾಲುವೆ ಬಂದು ಸೇರುವ ಭಾಗ. ವರ್ಷಕ್ಕೆ ಸ್ವಲ್ಪವೇ ಆದರೂ ಬೇರು ಸಹಿತ ತೆಗೆದು ಬಿಸಿಲಿಗೆ ಒಣಗಿಸಬೇಕು, ದಂಡೆಯ ಹುಲ್ಲನ್ನು ಕೆರೆಯಬಾರದು, ಹೂಳನ್ನು ದಂಡೆಯ ಮೇಲೆ ಬಿಡದೆ ಸವಳಿಲ್ಲದ ಹೊಲಕ್ಕೆ ಸಾಗಿಸಬೇಕು, ಬೆಳೆಗೆ ಔಷಧ ಹೊಡೆಯುವ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು ಎಂದು ಮಾಡಿಕೊಂಡೆವು. ಮೊದಲ ವರ್ಷ ನನ್ನ ಪಾಲಿನ ನೂರು ಮಾರು ಉದ್ದದಲ್ಲಿ ಔಷಧದ ಖಾಲಿ ಬಾಟಲಿಗಳನ್ನೇ ನಾಲ್ಕು ಗೊಬ್ಬರದ ಚೀಲ ತುಂಬ ಆರಿಸಿದೆ. ಅವುಗಳಲ್ಲಿ ನಾನೇ ಕೊಂಡು ತಂದ ಬಾಟಲಿಗಳೂ ಇದ್ದವು, ಚೀಟಿ ನೋಡಿ ಗುರುತು ಹಿಡಿದೆ. ಮೂರು ವರ್ಷಗಳಲ್ಲಿ ಹಳ್ಳ ಮೊದಲಿನಂತಾಯಿತು ಎಂದು ನಾನು ಹೇಳಲಾರೆ. ಬಸಿಗಾಲುವೆಯ ನೀರು ಮಾತ್ರ ಈಗ ಹಿಂದಕ್ಕೆ ನಿಲ್ಲುವುದಿಲ್ಲ, ನನ್ನ ಅಂಚಿನ ಗದ್ದೆಯಲ್ಲಿ ಬೆಳ್ಳನೆಯ ಪಟ್ಟಿ ಕಿರಿದಾಗಿದೆ.

ಹೀಗೆ ಹೇಳುವಾಗ ಕೊಪ್ಪಳದ ಹಿರೇಹಳ್ಳವನ್ನು ನೆನೆಯದೆ ಇರಲಾಗದು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು 2019ರ ಬೇಸಿಗೆಯಲ್ಲಿ ತಾವೇ ಹಳ್ಳಕ್ಕೆ ಇಳಿದು ನಿಂತಾಗ ಜಿಲ್ಲೆಯ ಜನ ಹಣ, ಯಂತ್ರ, ಶ್ರಮ ಮೂರನ್ನೂ ತಂದು ಸುರಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜಾಲಿ ಮತ್ತು ಕಸದ ಕೆಳಗೆ ಹುದುಗಿಹೋಗಿದ್ದ ಹಳ್ಳ ಮತ್ತೆ ಕಣ್ಣಿಗೆ ಕಂಡಿತು. ಆ ಕೆಲಸವನ್ನು ನೋಡಲು ನಮ್ಮೂರಿನಿಂದಲೂ ಎರಡು ಜೀಪು ಮಾಡಿಕೊಂಡು ಹೋಗಿದ್ದೆವು. ದಾಸೋಹಕ್ಕೆ ಹೆಸರಾದ ಮಠವೊಂದು ನೀರನ್ನೂ ದಾಸೋಹದ ಮಾತಾಗಿ ಜನರ ಮುಂದಿಟ್ಟದ್ದರಿಂದಲೇ ಅಷ್ಟು ಕೈಗಳು ಸೇರಿದವು ಎಂಬುದು ನನ್ನ ತಿಳಿವಳಿಕೆ. ಮುಂದೆ ಅದೇ ಉತ್ಸಾಹ ಗಿಣಿಗೇರಿಯ ಕೆರೆಗೂ ಹಬ್ಬಿತು.

ತುಂಗಭದ್ರೆಗಾಗಿ ಜನ ಎದ್ದು ನಿಂತದ್ದು ಇದೇ ಮೊದಲಲ್ಲ. 1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯದಿಂದ ಮೀನು ಸತ್ತು ತೇಲಿದಾಗ, ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯದೊಂದಿಗೆ ರಾಣೆಬೆನ್ನೂರು ಭಾಗದ ಹಳ್ಳಿಗಳ ಜನರು ವರ್ಷಗಟ್ಟಲೆ ಹೋರಾಡಿದರು. ಅಷ್ಟಾದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕರ್ನಾಟಕದಲ್ಲಿ ಮಲಿನವೆಂದು ಗುರುತಿಸಿದ 17 ನದಿ ಪಾತ್ರಗಳ ಪಟ್ಟಿಯಲ್ಲಿ ತುಂಗೆಯೂ ಇತ್ತು, ಭದ್ರೆಯೂ ಇತ್ತು, ತುಂಗಭದ್ರೆಯೂ ಇತ್ತು. ಹುಟ್ಟುವಲ್ಲಿಂದ ಕೂಡುವಲ್ಲಿಯವರೆಗೆ ಒಂದೇ ಕಥೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಹರಿಹರ ಮುಟ್ಟಿ, ಎರಡನೆಯ ಹಂತದಲ್ಲಿ ಕಿಷ್ಕಿಂಧೆಯ ಕಡೆಗೆ ನಡೆದು ಬಂದಾಗ ದಾರಿಯ ಹಳ್ಳಿಗಳ ಜನ ಅದನ್ನು ಪ್ರೀತಿಯಿಂದ ಎದುರುಗೊಂಡದ್ದು ಈ ನೋವು ಎಲ್ಲರದೂ ಆಗಿರುವುದರಿಂದಲೇ. ಜಲಾಶಯದ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿ ಪಾತ್ರವನ್ನು 2015ರಲ್ಲೇ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ರಾಜ್ಯ ಸರ್ಕಾರ ಘೋಷಿಸಿದೆ. ಆದರೆ ನೀರುನಾಯಿ ಇರುವ ಹೊಳೆಗೆ ನಮ್ಮ ಊರುಗಳ ಹಳ್ಳಗಳು ತರುವುದು ಏನನ್ನು? ಗಂಗಾವತಿಯ ನಡುವೆ ಹಾದುಹೋಗುವ ದುರ್ಗಮ್ಮನ ಹಳ್ಳದ ಸೇತುವೆಯ ಮೇಲೆ ಒಂದು ನಿಮಿಷ ನಿಂತವರಿಗೆ ಉತ್ತರ ಗೊತ್ತು.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು, ಏಕೆಂದರೆ ಅದು ನಮ್ಮಂತೆಯೇ ಕಾಲುವೆ ನೀರಿನ, ಭತ್ತದ ನಾಡು. ಪಂಜಾಬಿನಲ್ಲಿ ಗುರುನಾನಕರ ನೆನಪಿನೊಂದಿಗೆ ಬೆಸೆದುಕೊಂಡ, ಸುಮಾರು 160 ಕಿ.ಮೀ. ಉದ್ದದ ಕಾಲಿ ಬೇಯಿಂ ಎಂಬ ಹೊಳೆ ಊರುಗಳ ಕೊಳಚೆ ಮತ್ತು ಅಂತರಗಂಗೆಯಿಂದ ಮುಚ್ಚಿಹೋಗಿತ್ತು. ಸಂತ ಬಲಬೀರ್ ಸಿಂಗ್ ಸೀಚೆವಾಲರು 2000ದಲ್ಲಿ ಸುಲ್ತಾನಪುರ ಲೋಧಿಯಲ್ಲಿ ಬರಿಗೈಯಲ್ಲೇ ಅದಕ್ಕೆ ಇಳಿದರು. ಸಾವಿರಾರು ಜನರು ಕರಸೇವೆಗೆ ಬಂದರು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು 2006ರಲ್ಲಿ ಅಲ್ಲಿಗೆ ಹೋಗಿ ನೋಡಿ ಬಂದ ಮೇಲೆ ದೇಶಕ್ಕೆಲ್ಲ ಅದರ ಸುದ್ದಿ ಹಬ್ಬಿತು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಕಸ ತೆಗೆದ ಮೇಲಿನ ಕೆಲಸ. ಊರಿನ ಕೊಳಚೆ ಹೊಳೆಗೆ ಬೀಳದಂತೆ ತಿರುಗಿಸಿ, ಹೊಂಡಗಳಲ್ಲಿ ಹಂತ ಹಂತವಾಗಿ ತಿಳಿಗೊಳಿಸಿ, ಕೊಳವೆಯಲ್ಲಿ ಹೊಲಗಳಿಗೆ ಹರಿಸಿದರು. ಹೊಳೆಯಲ್ಲಿ ಹರಿವು ಉಳಿಯಲು ನೀರಾವರಿ ಇಲಾಖೆಯಿಂದ ನೀರನ್ನೂ ಕೇಳಿ ಪಡೆದರು. ಇಷ್ಟಾದ ಮೇಲೂ ಕಾವಲು ಸಡಿಲವಾದಾಗ ಕೊಳಚೆ ಸೇರಿ ಮೀನು ಸತ್ತ ಪ್ರಸಂಗಗಳು ಅಲ್ಲಿ ನಡೆದಿವೆ. ಅಷ್ಟು ದೊಡ್ಡ ಜನಶಕ್ತಿಯ ಬೆಂಬಲವಿದ್ದ ಹೊಳೆಗೇ ಹೀಗಾದರೆ, ವರ್ಷಕ್ಕೊಮ್ಮೆ ಒಂದು ವಾರ ನೆನಪಾಗುವ ನಮ್ಮ ಹಳ್ಳಗಳ ಗತಿ ಏನು?

ಇಲ್ಲಿಗೆ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಜಲಾಶಯವನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ಇದೆ. ಕಾಲುವೆಗೆ ನೀರಾವರಿ ನಿಗಮ ಇದೆ. ಹೊಲಗಾಲುವೆಗೆ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ ಇದೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ನೆಲೆ ಒದಗಿಸಲಾಗಿದೆ. ಕೆರೆಗಳಿಗೆ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇದೆ. ಹಳ್ಳಕ್ಕೆ ಯಾರೂ ಇಲ್ಲ. ನಮ್ಮ ಹಳ್ಳದಲ್ಲಿ ಕಲ್ಲು ಮಣ್ಣು ತಂದು ಸುರಿದವರ ಮೇಲೆ ದೂರು ಕೊಡಲು ಹೋದಾಗ ಒಂದು ಕಚೇರಿಯವರು ಕಂದಾಯದವರ ಬಳಿಗೆ ಕಳಿಸಿದರು, ಅವರು ಪಂಚಾಯಿತಿಗೆ ಕಳಿಸಿದರು, ಪಂಚಾಯಿತಿಯವರು ನಮ್ಮನ್ನು ಮೊದಲಿನ ಕಚೇರಿಗೇ ಹಿಂದಕ್ಕೆ ಕಳಿಸಿದರು. ಮೂರು ತಿಂಗಳಲ್ಲಿ ಆ ಜಾಗದಲ್ಲಿ ಗೋಡೆ ಎದ್ದಿತು. ಯಾರನ್ನೂ ದೂರುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ, ಅವರವರ ಕಡತದಲ್ಲಿ ಹಳ್ಳವೆಂಬ ಹೆಸರೇ ಇರಲಿಲ್ಲ.

ಆದ್ದರಿಂದ ನೀರು ಬಳಕೆದಾರರ ಸಹಕಾರ ಸಂಘದ ಹೊಣೆಯನ್ನು ತೂಬಿನಿಂದ ಹೊಲದವರೆಗೆ ನಿಲ್ಲಿಸದೆ, ಹೊಲದಿಂದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುವಲ್ಲಿಯವರೆಗೆ ವಿಸ್ತರಿಸಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ನೀರನ್ನು ಪಡೆದ ಸಂಘವೇ ಬಿಟ್ಟ ನೀರಿಗೂ ಉತ್ತರ ಹೇಳಲಿ. ಹೊಣೆಯ ಜೊತೆಗೆ ಹಕ್ಕೂ ಬರಬೇಕು: ಹಳ್ಳದ ಗಡಿ ಅಳೆದು ಕಲ್ಲು ನೆಡಿಸುವ, ಒತ್ತುವರಿ ಕಂಡರೆ ತಹಶೀಲ್ದಾರರಿಗೆ ನೇರವಾಗಿ ವರದಿ ಮಾಡುವ, ಹಳ್ಳದ ಮೀನು ಮತ್ತು ಹುಲ್ಲಿನ ಆದಾಯವನ್ನು ಹಳ್ಳಕ್ಕೇ ಖರ್ಚು ಮಾಡುವ ಹಕ್ಕು. ನೀರಿನ ಕರದ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡಬೇಕು. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಆಪು ತೆಗೆಯುವ ಕೆಲಸಕ್ಕೆ ಕಾಲುವೆ ಬಂದ್ ಆದ ತಿಂಗಳುಗಳನ್ನೇ ಗೊತ್ತು ಮಾಡಬೇಕು. ಆಗ ಕೂಲಿ ಇಲ್ಲದೆ ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಜನರಿಗೆ ಊರಲ್ಲೇ ಕೆಲಸ ಸಿಗುತ್ತದೆ. ಸಂಘಗಳ ಪೈಕಿ ಹಲವು ಕಾಗದದ ಮೇಲಷ್ಟೇ ಇವೆ ಎಂಬ ಆಕ್ಷೇಪ ಬರುತ್ತದೆ, ಅದು ನಿಜವೂ ಹೌದು. ನಮ್ಮ ಸಂಘವೂ ವರ್ಷಗಳ ಕಾಲ ಹಾಗೆಯೇ ಇತ್ತು. ಹಳ್ಳದ ಕೆಲಸಕ್ಕೆ ಇಳಿದ ಮೇಲೆ ಸಭೆಗೆ ಜನ ಬರತೊಡಗಿದರು ಎಂಬುದನ್ನು ಕಂಡವನಾಗಿ ಹೇಳುತ್ತಿದ್ದೇನೆ.

ಪಟ್ಟಣಗಳ ಕೊಳಚೆ ನೀರಿನ ವಿಷಯ ಬೇರೆ. ಅದನ್ನು ರೈತರ ಸಂಘ ತಡೆಯಲಾರದು, ಶುದ್ಧೀಕರಣ ಘಟಕಗಳನ್ನು ನಡೆಸುವುದು ನಗರಸಭೆಗಳ ಕರ್ತವ್ಯ. ಆದರೆ ಭತ್ತದ ವಿಷಯದಲ್ಲಿ ನಾವು ಬೇರೆಯವರ ಕಡೆ ಬೆರಳು ತೋರಿಸುವಂತಿಲ್ಲ. ಕೆಸರು ಗದ್ದೆ ಮಾಡದೆ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿಯನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಪ್ರಚಾರ ಮಾಡಿದಾಗ ಮೊದಲು ಕೈಹಿಡಿದವರು ಕೊನೆ ಭಾಗದ ರೈತರು, ಏಕೆಂದರೆ ಅವರಿಗೆ ನೀರಿನ ಬೆಲೆ ಗೊತ್ತಿತ್ತು. ಕಳೆದ ಮುಂಗಾರಿನಲ್ಲಿ ನಾನೂ ಎರಡು ಎಕರೆಯಲ್ಲಿ ಹಾಗೆ ಬಿತ್ತಿದ್ದೆ. ಕಳೆಯ ಕಾಟ ಹೆಚ್ಚಿತು, ಇಳುವರಿಯಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ, ಬಸಿಗಾಲುವೆಗೆ ಬಿಟ್ಟ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಮೇಲ್ಭಾಗದವರು ಒಂದಿಷ್ಟು ಕೈ ಬಿಗಿ ಹಿಡಿದರೆ ಕೊನೆ ಭಾಗದ ಕಾಲುವೆಗೂ ನೀರು ಮುಟ್ಟುತ್ತದೆ, ಹಳ್ಳಕ್ಕೂ ಉಸಿರು ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟು ಕುಳಿತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿದ ದಿನ ನಮ್ಮೂರ ಗುಡಿಯಲ್ಲಿ ಕಾಯಿ ಒಡೆದರು. 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿರುವುದರ ಬಗ್ಗೆಯೂ ನಾವು ಪ್ರತಿ ವರ್ಷ ದನಿ ಎತ್ತುತ್ತೇವೆ. ಒಂದು ಗೇಟಿಗಾಗಿ ಆ ವಾರ ತೋರಿದ ಕಾಳಜಿಯಲ್ಲಿ ಒಂದು ಪಾಲನ್ನಾದರೂ, ನಲವತ್ತು ವರ್ಷಗಳಿಂದ ಸದ್ದಿಲ್ಲದೆ ಸಾಯುತ್ತಿರುವ ನೂರಾರು ಹಳ್ಳಗಳಿಗೆ ಕೊಡಬೇಕೆಂದು ಜನಪ್ರತಿನಿಧಿಗಳನ್ನು ಕೈಮುಗಿದು ಕೇಳುತ್ತೇನೆ. ನೀರಾವರಿ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಕಾಲುವೆಗೆ ನೀರು ಬಿಡುವ ದಿನಾಂಕದ ಜೊತೆಗೆ ಹಳ್ಳಗಳ ಸ್ಥಿತಿಯೂ ಚರ್ಚೆಗೆ ಬರಲಿ. ನಮ್ಮ ಸಂಘದವರು ನಮ್ಮ ಹಳ್ಳದ ಉದ್ದಗಲ, ಒತ್ತುವರಿಯಾದ ಜಾಗ, ಬಸಿಗಾಲುವೆಗಳು ಕೂಡುವ ಸ್ಥಳಗಳನ್ನು ನಡೆದು ಅಳೆದು ಒಂದು ನಕ್ಷೆ ಮಾಡಿದ್ದೇವೆ. ನೋಡಬಯಸುವ ಅಧಿಕಾರಿಗಳು ಯಾವ ದಿನ ಬಂದರೂ ಹಳ್ಳದ ಉದ್ದಕ್ಕೂ ಜೊತೆಯಲ್ಲಿ ನಡೆದು ತೋರಿಸಲು ಸಿದ್ಧರಿದ್ದೇವೆ. ಕಾಲುವೆಗೆ ನೀರು ಬರುವ ಮೊದಲು ಬಂದರೆ ತಳದವರೆಗೂ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೈತ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ